ಕೊಸರು

ಒಡೆದದ್ದು ಎಡಗಡೆಯ ಹಿಂದೀಪದ ಗಾಜು.
ಗಾಜೂ ಅಲ್ಲ, ಕೆಂಪು ಪ್ಲಾಸ್ಟಿಕ್ಕು, ಅಂಗೈಯಗಲ.
ಬೇಕರಿಯ ಹುಡುಗ ಸೈಕಲ್ಲಿನ ಸಮೇತ ಬಂದು ಒರಗಿದ,
ಚೂರುಗಳನ್ನು ಹೆಕ್ಕಿ ನನ್ನ ಕೈಗೇ ಹಾಕಿ
'ತಪ್ಪಾಯಿತು ಓರೆಸ್ತೆ' ಎಂದ.
ಅವನಿಗೆ ಹದಿನಾಲ್ಕು. ಕಾರಿಗೆ ಐವತ್ಮೂರು.

ಆಲ್ಫಾ, ಎರಡು ಬಾಗಿಲಿನದು, ತಿಳಿ ಬೂದು.
ಪಾರ್ಮಾದ ದಂತವೈದ್ಯನೊಬ್ಬ ವಿಚ್ಛೇದನದ ವರ್ಷ
ಬಂದ ಬೆಲೆಗೆ ಕೊಟ್ಟು ಕೈತೊಳೆದುಕೊಂಡದ್ದು.
ಎಂಜಿನ್ನಿನ ಮಾತು ನನಗೆ ಬಿಡಿ.
ನಲವತ್ತು ವರ್ಷ ಲೇತಿನ ಮುಂದೆ ನಿಂತವನು,
ಬುಷ್ಷು, ಪಿನ್ನು, ವಾಲ್ವಿನ ಗೈಡು
ಎಲ್ಲ ಶನಿವಾರ ಮಧ್ಯಾಹ್ನದ ಕೆಲಸ.
ಎರಡನೇ ಗೇರು ಬೆಳಿಗ್ಗೆ ಕರೆದರೆ ಬರುವುದಿಲ್ಲ,
ಎಣ್ಣೆ ಬೆಚ್ಚಗಾಗಲಿ ಅನ್ನುತ್ತದೆ. ಆಗಲಿ.
ಒಂದರಿಂದ ಎರಡಕ್ಕೆ ಹೋಗುವಾಗ
ನಡುವೆ ಒಂದು ಉಸಿರು ನಿಲ್ಲು ಅನ್ನುತ್ತದೆ. ನಿಲ್ಲುತ್ತೇನೆ.
ಆದರೆ ಕೆಂಪನ್ನು ಕಡೆದು ತೆಗೆಯುವ ಲೇತು
ನಾನಂತೂ ಕಂಡಿಲ್ಲ.

ನೊವಾರಾದ ಗುಜರಿಯಲ್ಲಿ ಬಲಗಡೆಯವು ಹನ್ನೊಂದು.
ಮಾಂತೋವಾದ ಬಿಡಿಭಾಗದ ಸಂತೆಯಲ್ಲಿ, ನವೆಂಬರಿನ ಮಂಜಿನಲ್ಲಿ
ಟಾರ್ಚು ಹಿಡಿದು ಕಂಬಳಿಯಿಂದ ಕಂಬಳಿಗೆ ಬಗ್ಗಿದ್ದಕ್ಕೆ
ಬಲಗಡೆಯವು ಆರು, ಸೊಂಟನೋವು ಒಂದು.
ಹಾಲೆಂಡಿನವನೊಬ್ಬ ಹೊಸ ಅಚ್ಚು ಹಾಕಿಸಿದ್ದಾನೆಂದರು. ತರಿಸಿದೆ:
ಜೆಲ್ಲಿ ಮಿಠಾಯಿಯ ಬಣ್ಣ,
ಸ್ಕ್ರೂವಿನ ತೂತು ಎರಡು ಮಿಲಿಮೀಟರು ಆಚೆ.

ಲೋಕವೆಲ್ಲ ಎಡಗಡೆಯನ್ನೇ ಏಕೆ ಒಡೆದುಕೊಳ್ಳುತ್ತದೆ?
'ಹಿಂದಕ್ಕೆ ತೆಗೆಯುವಾಗ ನೀವು ಗಂಡಸರು
ಕತ್ತನ್ನು ಬಲಕ್ಕೇ ಹೊರಳಿಸುತ್ತೀರಿ,
ಎಡ ತನ್ನ ಪಾಡಿಗೆ ಗೋಡೆಗೆ ಹೋಗುತ್ತದೆ' ಎಂದಳು
ಅಕ್ಕ ದೆಲ್ಫಿನಾ, ಜನ್ಮದಲ್ಲಿ ಸ್ಟಿಯರಿಂಗ್ ಮುಟ್ಟದವಳು.

ಟಯರಿನ ಅಂಗಡಿಯ ಗ್ವೆರ್ರಿನೋ ಸುಳಿವು ಕೊಟ್ಟ:
ಕ್ರೆಮೋನಾ ದಾಟಿ, ನದಿಯ ಏರಿಯ ಕೆಳಗೆ
ಹಂದಿದೊಡ್ಡಿಯಿರುವ ಮನೆ, ಝೆಲಿಂದಾ ಎಂಬಾಕೆ.
ಅವಳ ಗಂಡನದು ಬಿಡಿಭಾಗದ ಅಂಗಡಿ. ಮುಳುಗಿದಾಗ
ಇದ್ದಬದ್ದ ಪೆಟ್ಟಿಗೆಗಳನ್ನು ದೊಡ್ಡಿಗೆ ತುಂಬಿ
ಬೀಗದಕೈಯನ್ನು ಮೊಳೆಗೆ ತೂಗುಹಾಕಿ
ಇನ್ನೊಬ್ಬಳ ಜೊತೆ ಸಮುದ್ರದ ಕಡೆಗೆ ಹೋದನಂತೆ.
'ಇವುಗಳ ಹೆಸರು ನನಗೆ ಗೊತ್ತಿಲ್ಲ' ಎಂದಳು ಝೆಲಿಂದಾ,
'ತೂಕಕ್ಕೆ ಹಾಕುತ್ತೇನೆ.'

ಹಂದಿಗಳು ಹೋಗಿ ಇಪ್ಪತ್ತು ವರ್ಷ, ವಾಸನೆ ಹೋಗಿಲ್ಲ.
ಮೇಣಗಾಗದದಲ್ಲಿ ಸುತ್ತಿದ ಗ್ಯಾಸ್ಕೆಟ್ಟುಗಳು,
ಇಲಿ ರುಚಿ ನೋಡಿ ಬಿಟ್ಟ ಫ್ಯಾನ್ ಬೆಲ್ಟು,
ಮೂರು ತಾಸು.
ಆಮೇಲೆ ಒಂದು ಹಳದಿ ಪೆಟ್ಟಿಗೆ, ಮೂಲೆಯಲ್ಲಿ ಪೆನ್ಸಿಲಿನಲ್ಲಿ ಬರೆದದ್ದು:
ಎಡ.
ನಾನು ತಕ್ಷಣ ತೆರೆಯಲಿಲ್ಲ.
ಎರಡನೇ ಗೇರಿಗೆ ನಿಲ್ಲುವಷ್ಟು ನಿಂತೆ.

ಅಡಿಗೆಮನೆಯ ತಕ್ಕಡಿಯಿಂದ ಜೋಳದ ಹಿಟ್ಟು ಕೊಡವಿ
ಅದನ್ನು ತಟ್ಟೆಗಿಟ್ಟಳು. ನೂರ ತೊಂಬತ್ತು ಗ್ರಾಂ.
'ಹಳೆಯ ಚೀಸಿನ ಬೆಲೆ. ಹಳೆಯದಲ್ಲವೇ?
ನಾಲ್ಕು ಯೂರೋ ಹದಿನೆಂಟು ಸೆಂಟು.'
ನನ್ನ ಒಳಜೇಬಿನಲ್ಲಿ ಮುನ್ನೂರು, ಮಡಚಿ ಇಟ್ಟದ್ದು,
ಎದೆಗೆ ಒತ್ತುತ್ತಿತ್ತು.
ಸುಮ್ಮನಿರಬಹುದಿತ್ತು. ಬಾಗಿಲವರೆಗೆ ಸುಮ್ಮನಿದ್ದೆ ಕೂಡ.
ಆಮೇಲೆ ಹೇಳಿಬಿಟ್ಟೆ: 'ಸಂತೆಯಲ್ಲಿ ಇದಕ್ಕೆ ಇನ್ನೂರೈವತ್ತು ಕೊಡುತ್ತಾರೆ.'
ಅವಳು ಚಿಲ್ಲರೆ ಎಣಿಸುತ್ತಿದ್ದಳು, ತಲೆಯೆತ್ತಲಿಲ್ಲ:
'ಹಾಗಾದರೆ ಸಂತೆಗೇ ಹೋಗು.'
ಹೋಗಲಿಲ್ಲವೆಂದು ನೋಡಿ
ಡಬ್ಬಿಯೊಂದಕ್ಕೆ ಕೈಹಾಕಿ, ಒಂದು ಹಿಡಿ ರಬ್ಬರು ವಾಷರು
ಕಾಗದದ ಪೊಟ್ಟಣಕ್ಕೆ ಸುರಿದಳು.
ಕೊಸರು.

ಭಾನುವಾರ ಕೂಡಿಸಿದೆ, ನಾಲ್ಕು ಸ್ಕ್ರೂ.
ಎಡದ್ದು ಕತ್ತಲಲ್ಲಿ ಮಲಗಿದ್ದ ಕೆಂಪು, ದಾಳಿಂಬೆಯ ಹಾಗೆ.
ಬಲದ್ದು ಐವತ್ಮೂರು ಬೇಸಿಗೆ ಕಂಡದ್ದು,
ಟೊಮ್ಯಾಟೊ ತೊಳೆದ ನೀರು.
ಇಷ್ಟು ದಿನ ಅದನ್ನೇ ಕೆಂಪು ಅಂದುಕೊಂಡಿದ್ದೆ.
ನೊವಾರಾದ ಹನ್ನೊಂದು, ಮಾಂತೋವಾದ ಆರು
ಕಣ್ಣ ಮುಂದೆ ಬಂದವು. ಹೋಗಲಿ ಎಂದೆ.
ಪೊಟ್ಟಣದ ವಾಷರುಗಳಲ್ಲಿ ಒಂದು
ಚಿಕ್ಕ ಕಿಟಕಿಯ ಕೀಲಿಗೆ ಸರಿಯಾಗಿ ಕೂತಿತು.
ಒಂಬತ್ತು ವರ್ಷದಿಂದ ಶಿಳ್ಳೆ ಹೊಡೆಯುತ್ತಿದ್ದ ಕಿಟಕಿ
ಏರಿಯ ಮೇಲೆ ಗಂಟೆಗೆ ತೊಂಬತ್ತರಲ್ಲೂ
ತುಟಿ ಪಿಟಕ್ಕೆನ್ನಲಿಲ್ಲ.

ಸಂಜೆ ಹಿಂದಿನಿಂದ ಸೈಕಲ್ಲು ತುಳಿಯುತ್ತ ಬಂದ
ಬೇಕರಿಯ ಹುಡುಗ, ದೂರ ಬಿಟ್ಟೇ ನಿಲ್ಲಿಸಿದ:
'ಓರೆಸ್ತೆ, ನೀವು ಎಡಗಡೆಗೇ
ಸ್ವಲ್ಪ ಜಾಸ್ತಿ ಬ್ರೇಕು ಒತ್ತುತ್ತೀರಿ.'