ದವಡಿಗಷ್ಟ ಕೇಳಿಸಿದ್ದು

ಕಿವಿ ಹೋಗಿದ್ದು ಒಂದ ದಿನಕ್ಕಲ್ಲ.
ಬೆಟಗೇರಿಯ ಶೆಡ್ಡಿನಾಗ ಮೂವತ್ತೊಂದು ವರ್ಷ
ಹನ್ನೆರಡು ಪಾವರ್‌ಲೂಮು ಕೂಡಿ
ಒಂದೊಂದ ಅಕ್ಷರ ಕಿತಗೊಂಡವು.
ಮೊದಲು ಸ, ಆಮ್ಯಾಲೆ ಚ,
ಆಮ್ಯಾಲೆ ಗುಬ್ಬಿ,
ಆಮ್ಯಾಲೆ ಹಾಲು ಉಕ್ಕೂದು.
ಕಡೀಕ ಉಳಿದಿದ್ದು ಲಾಳಿಯ ಹೊಡತ ಒಂದ,
ಅದೂ ಕಿವಿಗಲ್ಲ, ಅಂಗಾಲಿಗೆ.

ಅಂಥಾವ ನಾನು ಗಾಳಿ ಬಂದೂಕು ತಗೊಂಡೆ.
ಶಾಕವ್ವ ನಕ್ಕಳು; ನಕ್ಕಿದ್ದು ಕಂಡಿತು.

ಹೊಸದರಾಗ ಅದು ಗುರಿಗೇನೋ ಹೊಡೀತಿತ್ತು.
ಆದ್ರ ಟ್ರಿಗರ್ ಎಳದಾಗೊಮ್ಮೆ
ಒಳಗಿನ ಸ್ಪ್ರಿಂಗು ನಡುಗಿ ನಡುಗಿ
ಗಲ್ಲದ ಎಲುವಿನಾಗ, ಹಲ್ಲಿನ ಬುಡದಾಗ
ಝಂಯ್ ಅಂತ ತಿರುಗಾಡೂದು,
ಕಡ್ಡಿಪೆಟ್ಟಿಗ್ಯಾಗ ಸಿಕ್ಕ ದುಂಬಿ ಹಂಗ.
ಓಣಿಗೆಲ್ಲ ಕಿವೀಲೆ ಕೇಳಿದ್ದು
ನನಗ ಎಲುವೀಲೆ ಕೇಳಿತು.
ಎಷ್ಟೋ ವರ್ಷಕ್ಕ ಒಂದು ಸಪ್ಪಳ ಬಂತು,
ಅದೂ ಇಂಥಾದ್ದು.

ಹುಬ್ಬಳ್ಳಿಗೆ ಒಯ್ದೆ. ಗಣೇಶಪೇಟಿ ಸಂದಿಯೊಳಗ
ಗಫಾರಸಾಬ ನದಾಫನ ಲೇಥ್ ಮಿಷನ್ನು.
'ಇದರ ಬಾಯಿ ಮುಚ್ಚು' ಅಂದೆ.
ಮಗಳ ಪಾಟಿ ಈಸಗೊಂಡು ಬರದು ತೋರಿಸಿದ: ಎಂಟು ದಿನ.
ಎಂಟು ಅಂದ್ರ ಇಪ್ಪತ್ತಮೂರು.

ಸ್ಪ್ರಿಂಗಿನ ಹೊಟ್ಟ್ಯಾಗ ಬಿಗಿಯಾಗಿ ಕೂಡೂವಂಥಾ
ನೈಲಾನ್ ಕಡ್ಡಿ ತಿರುವಿ ಹಾಕಿದ.
ಪಿಸ್ಟನ್ನಿಗೆ ಹೊಸಾ ವಾಶರ್ರು.
ಕೊಳವಿ ಒಳಗ ಉಜ್ಜಿ ಉಜ್ಜಿ
ಕನ್ನಡಿ ಮಾಡಿದ.
ಕರೀ ಗ್ರೀಸು, ಕೂಸಿಗೆ ಕಾಡಿಗಿ ಹಚ್ಚಿದಷ್ಟ.
ಹದಿನೆಂಟುನೂರು ಎಣಿಸಿ ಕಿಸೇಕ ಇಳಿಸಿ
ಮತ್ತ ಪಾಟಿ ತಗೊಂಡ:
ನಮ್ಮಪ್ಪ ಅರಳಿ ಹಿಂಜಾಂವ.
ಬಿಲ್ಲು ಟಂಯ್ ಅಂದ್ರ ಓಣಿ ಹೆಣ್ಮಕ್ಕಳು
ಗಾದಿ ಹೊತಗೊಂಡು ಹೊರಗ ಬರ್ತಿದ್ರು.
ನನ್ನ ಹೊಟ್ಟಿಪಾಡು ನೋಡ್ರಿ,
ಟಂಯ್ ಅನ್ನೂದನ್ನ
ಪಾಟಿ ಮುಗೀತು. ಚೌಕಟ್ಟಿನ ಕಟ್ಟಿಗಿ ಮ್ಯಾಲೆ
ಸಣ್ಣದಾಗಿ ಬರದ: ಕೊಲ್ಲೂದು.

ಈಗ ಸಂಜೀಕ ಶೆಡ್ಡಿನ ಹಿಂದ,
ಗ್ವಾಡಿಗೆ ಮರಳಿನ ಚೀಲ ಒಟ್ಟಿ,
ಹದಿನಾರು ಹೆಜ್ಜಿ ದೂರ
ಒಂದ ಎಳಿ ನೂಲು ಇಳಿಬಿಡತೀನಿ.
ತುದಿಗೆ ಕಬ್ಬಿಣದ ನಟ್ಟು, ಕೆಳಗ ಡಾಲ್ಡಾ ಡಬ್ಬಿ.
ಅಳಿಲಿಗೆ ಹೊಡೀರಲಾ ಅಂತಾನ ಎದುರುಮನಿ ಫಕೀರೇಶ.
ಅಳಿಲು ನನ್ನ ಕಡೆ ಏನ ಈಸಗೊಂಡೈತಿ?
ನನ್ನ ಲೆಕ್ಕ ಬಾಕಿ ಇರೂದು ನೂಲಿನ ಸಂಗಾಟ.
ಮೂವತ್ತೊಂದು ವರ್ಷ
ಅದು ಹರೀತು, ನಾ ಗಂಟು ಹಾಕಿದೆ,
ಹರೀತು, ಹಾಕಿದೆ.
ಒಂದನ್ನಾದ್ರೂ ಬೇಕಂತ ಹರೀಬ್ಯಾಡೇನು?

ಬ್ಯಾರಲ್ ಮುರದು ಗುಂಡು ಇಡತೀನಿ,
ಜ್ವಾಳದ ಕಾಳಿನಷ್ಟ ಸೀಸ, ನಡು ಹಿಡದ ಡಮರು.
ಉಸಿರು ಅರ್ಧ ಬಿಡತೀನಿ.
ನೂಲು ಗಾಳಿಗೆ ಅತ್ತ
ಇತ್ತ.
ನಿಂತೀತು ಅನ್ನೂದರಾಗ
ಗಲ್ಲಕ್ಕ ಒಂದು ಗುದ್ದು, ಮೆತ್ತಗ,
ಕೂಸು ನಿದ್ದ್ಯಾಗ ಮಗ್ಗಲಾದಂಗ.
ಅಷ್ಟ.
ದುಂಬಿ ಇಲ್ಲ.
ಎಲುವೂ ಕಿವುಡಾತೇನಪಾ ಅಂತ
ಒಂದು ಗಳಿಗಿ ಅಂಜಿಕಿ.

'ಹೆಂಗ ಕೇಳಿಸ್ತು?' ಅಂತೀನಿ, ಶಾಕವ್ವನ ತುಟಿ ನೋಡಿ.
ದಿನಾ ಬ್ಯಾರೆನ ಹೇಳತಾಳ.
ಮೊನ್ನೆ: ಅತ್ತಿ ಅಡಕಿ ಡಬ್ಬಿ ಮುಚ್ಚಿದಂಗ.
ನಿನ್ನೆ: ದೀಪಕ್ಕ ಸೆರಗು ಬೀಸಿದಂಗ.
ಇವತ್ತು:
ನಟ್ಟು ಡಬ್ಬ್ಯಾಗ ಬಿದ್ದಿದ್ದ ಕೇಳಿತು,
ಬಂದೂಕು ಕೇಳಲಿಲ್ಲ.

'ಸುಳ್ಳ ಹೇಳಬ್ಯಾಡ' ಅಂದೆ,
ಎಷ್ಟು ಜೋರಾಗಿ ಅಂದೆನೋ, ಗುಬ್ಬಿ ಹಾರಿದವು.

ಆಕಿ ಎದ್ದು ಹೋಗಿ
ಹರದ ಎರಡೂ ತುದಿ ಹಿಡದು
ಹೆಬ್ಬಟ್ಟು, ತೋರಬೆರಳು, ಒಂದ ತಿರುವು,
ಕೈ ಕಡೆ ನೋಡಲಾರದನ ಗಂಟು ಹಾಕಿ
ನಟ್ಟು ತೂಗಬಿಟ್ಟಳು.
ನನ್ನ ಕಡೆ ತಿರುಗಿ ಏನೋ ಅಂದಳು.
ಬೆಳಕು ಇಳದಿತ್ತು. ತುಟಿ ಓದಾಕ ಆಗಲಿಲ್ಲ.
ಮೊದಲನೇ ಅಕ್ಷರ
ಸ ಇರಬೇಕು.