ಕರೆಂಟಿಲ್ಲದ ಮಂಗಳವಾರ

ರಾಯದುರ್ಗಕ್ಕೆ ದಿನವಿಡೀ ಕರೆಂಟಿಲ್ಲ ಅಂತ
ಹಿಂದಿನ ರಾತ್ರಿಯೇ ಗೊತ್ತಾಗಿತ್ತು.
ಜೀನ್ಸ್ ಹೊಲಿಯುವ ನಾವು ನಾಲ್ವರು
ವನ್ನೂರಮ್ಮನ ತಮ್ಮನ ಆಟೋದಲ್ಲಿ
ಭೈರವಾನತಿಪ್ಪದ ಡ್ಯಾಮಿಗೆ ಹೊರಟೆವು.
ಡಬ್ಬಿಯಲ್ಲಿ ಉಗ್ಗಾಣಿ, ಪೇಪರಿನಲ್ಲಿ ಮಿರ್ಚಿ.

ದಾರಿಯಲ್ಲಿ ಹಗರಿ ಸಿಕ್ಕಿತು.
ಸಿಕ್ಕಿತು ಅನ್ನುವುದೂ ತಪ್ಪು; ಮಲಗಿತ್ತು,
ಗಾಳಿ ಬಂದಾಗಷ್ಟೇ ಮಗ್ಗುಲು ಬದಲಿಸುವ ಮರಳು.
"ಒಂದು ಒಂಟೆ ಬಿಟ್ರೆ ಸಿನಿಮಾದೋರು ಬರ್ತಾರ"
ಅಂದ ಹುಡುಗ. ಯಾರೂ ನಗಲಿಲ್ಲ.
ಸೇತುವೆ ದಾಟಿದ ಮೇಲೆ ಎಲ್ಲರೂ ನಕ್ಕೆವು.

ಡ್ಯಾಮಿನ ಪಕ್ಕ ಪಾರ್ಕು:
ಮೂಗು ಮುರಿದ ಸಿಮೆಂಟಿನ ಜಿಂಕೆ,
ಕೂತರೆ ಸುಡುವ ಜಾರುಬಂಡೆ,
ಹಂಸದ ಕತ್ತಿನ ಪೆಡಲ್ ದೋಣಿ.
ಕಟ್ಟಿದ ಹಗ್ಗ ಕಟ್ಟಿದ ಹಾಗೇ ಇದೆ,
ನೀರು ಮಾತ್ರ ಬಿಚ್ಚಿಕೊಂಡು ಹೋಗಿದೆ.
ಆಳವಿದೆ, ಇಳಿಯಬೇಡಿ: ತೆಲುಗಿನ ಬೋರ್ಡು.
ತಿಪ್ಪಕ್ಕ ನಮಗೆಲ್ಲ ಓದಿ ಹೇಳಿ
ಚಪ್ಪಲಿ ಬಿಟ್ಟು ಇಳಿದಳು.

ಕಾವಲಿನ ಗಾದಿಲಿಂಗಪ್ಪನದು ಅರ್ಧ ಕನ್ನಡ, ಅರ್ಧ ತೆಲುಗು.
"ಕಟ್ಟುವಾಗ ನಮ್ಮವ್ವ ಕಲ್ಲು ಹೊತ್ತಾಳ,
ಅದೋ, ಆ ಕಲ್ಲು."
ಅದೇ ಅಂತ ಹೆಂಗ ಗೊತ್ತು?
"ಅವ್ವನೇ ತೋರಿಸಿದ್ಲು."
ಹೋದ ಸಲ ಬೇರೆ ಕಲ್ಲು ತೋರಿಸಿದ್ದ
ಎಂದು ವನ್ನೂರಮ್ಮ ನನ್ನ ಕಿವಿಯಲ್ಲಿ.

ಗೋಡೆಯ ಮೇಲೆ ನೀರಿನ ಮಟ್ಟದ ಅಂಕಿಗಳು,
ಬಿಳಿಯವು ಮೇಲೆ, ಕೆಂಪು ಇನ್ನೂ ಮೇಲೆ.
ನನ್ನ ಕೊರಳಲ್ಲಿ ಟೇಪು ನೇತಾಡುತ್ತಿತ್ತು,
ರಜೆಯೆಂಬುದು ಕೊರಳಿಗೆ ತಿಳಿದಿರಲಿಲ್ಲ.
ಎಲ್ಲಕ್ಕಿಂತ ಕೆಳಗಿನ ಅಂಕಿಯಿಂದ ಮರಳಿನವರೆಗೆ ಹಿಡಿದೆ:
ನಲವತ್ತೆರಡು. ಎತ್ತರದ ಗಂಡಸಿನ ಪ್ಯಾಂಟು,
ಮಡಿಕೆಗೆ ಎರಡಿಂಚು ಸೇರಿ.
"ಯಾರಿಗೆ ಹೊಲಿತೀಯಮ್ಮಾ?" ಕೇಳಿದ ಗಾದಿಲಿಂಗಪ್ಪ.
ಹಗರಿಗೆ ಅನ್ನಲು ನಾಚಿಕೆಯಾಗಿ
ತಮ್ಮನಿಗೆ ಅಂದೆ.
ನನಗೆ ತಮ್ಮನಿಲ್ಲ.

ದೋಣಿಯಲ್ಲೇ ಕೂತು ಉಂಡೆವು, ನೆರಳಿದ್ದುದು ಅಲ್ಲೊಂದೇ.
ಹುಸೇನ್‌ಬೀ ಪೆಡಲ್ ತುಳಿದಳು, ಕಾಲಿನ ರೂಢಿ.
ಚಕ್ರ ಮರಳು ಕೆರೆದು ಕೆರೆದು
ಹೊಲಿಗೆ ಮೆಷಿನ್ನಿನ ಸದ್ದೇ ಬಂತು,
ಪಕ್ಕದ ಕೊಕ್ಕರೆ ಒಂದು ಹೆಜ್ಜೆ ಸರಿಯಿತು.
ನಾವು ಸರಿಯಲಿಲ್ಲ.
ತಲೆಗೆ ಇಪ್ಪತ್ತರಂತೆ ದೋಣಿಯ ಟಿಕೀಟು ಹರಿದ ಗಾದಿಲಿಂಗಪ್ಪ,
ವಾದಿಸಿದ್ದಕ್ಕೆ ತಿಪ್ಪಕ್ಕನದು ಬಿಟ್ಟ.
ಮಿಕ್ಕ ಎರಡು ಮಿರ್ಚಿ ಅವನಿಗೇ ಕೊಟ್ಟೆವು.

ಬುಧವಾರ ಕರೆಂಟು ಬಂತು.
ನಲವತ್ತು ಮೆಷಿನ್ನು ಒಟ್ಟಿಗೆ ಎದ್ದವು.
ನನ್ನ ಬಾಬಿನ್ನಿನೊಳಗೆ ಮಾತ್ರ ಸಣ್ಣಗೆ
ಕರಕರ, ಕರಕರ.
ಮೇಸ್ತ್ರಿ ಬಂದು, ಎಣ್ಣೆ ಹಾಕು ಅಂದ.
ಹೂಂ ಅಂದೆ.
ಊಟದ ಗಂಟೆಯವರೆಗೂ ಹಾಕಲಿಲ್ಲ.