ಕರುವಿನ ಅವಸರ

"ನಾಳೆಯಿಂದ ಇನ್ನೊಂದು ಕಾಲು ಲೀಟರು," ಅಂದಳು ಮುನೀರಾ,
ತೂಕುಪಾತ್ರೆಯ ಮುಚ್ಚಳ ತಿರುಗಿಸುತ್ತ.
ಸುಂಟಿಕೊಪ್ಪದ ಮಂಜು ಇನ್ನೂ ಗದ್ದೆಯಿಂದ ಎದ್ದಿರಲಿಲ್ಲ.
ಯಾರಿಗೆ, ಅಂತ ಕೇಳಿದೆ.
ಸೊಂಟದಲ್ಲಿದ್ದ ಮಗು ನನ್ನ ಬಳೆ ಹಿಡಿದು ಜಗ್ಗಿತು,
ತಾನೇ ಉತ್ತರ ಎನ್ನುವಂತೆ.

ಎಷ್ಟು ತಿಂಗಳು?
"ಏಳು."
ಹಾಗಾದರೆ ಇಲ್ಲ, ಅಂದೆ.

ಹಾಲು ಮಾರುವವಳೇ ಹಾಲಿಲ್ಲ ಅಂದದ್ದು
ಪೇಟೆಯಲ್ಲಿ ಆ ದಿನದ ತಮಾಷೆ.
ಮೀನಂಗಡಿಯ ಸೈದಲವಿ ಕೂಡ ಕೇಳಿದ,
ಏನು ವೇದಕ್ಕ, ತುಂಬೆ ಬತ್ತಿದಳಾ?
ತುಂಬೆ ಬತ್ತಿಲ್ಲ.
ಬೆಳಗ್ಗೆ ಆರು, ಸಂಜೆ ನಾಲ್ಕು, ಒದೆಯದೆ ಕೊಡುತ್ತಾಳೆ.
ಬತ್ತಿದ್ದು ಬೇರೆ, ಬಹಳ ಹಿಂದೆ.

ನನ್ನ ರಂಜನ್ ಐದು ತಿಂಗಳವನಿದ್ದಾಗ
ನಾನು ಕಾಫಿ ಕುಯ್ಯಲು ಹೊರಟೆ, ಅತ್ತೆ ಬಾಟಲಿ ಹಿಡಿದರು.
ಅವರದು ತಪ್ಪಲ್ಲ.
ಹಸುವಿರುವ ಮನೆಯಲ್ಲಿ ಮಗು ಹಸಿಯುವುದುಂಟೆ?
ಮೈ ದುಂಡಗಾಯಿತು, ಕಂಡವರೆಲ್ಲ ದೃಷ್ಟಿ ತೆಗೆಯಿರಿ ಅಂದರು.
ಒಂಬತ್ತಕ್ಕೆ ಕಣದ ಮಣ್ಣು ತಿನ್ನತೊಡಗಿದ,
ಒಣಗಲು ಹರಡಿದ ಕಾಫಿಯ ನಡುವೆ ಕೂತು
ಮುಷ್ಟಿ ಮುಷ್ಟಿ, ಬೆಲ್ಲದ ಹಾಗೆ.
ಬಾಯಲ್ಲಿ ಬ್ರಹ್ಮಾಂಡ ಕಾಣುತ್ತದೇನೋ ಅಂತ ನಾವು ನಕ್ಕೆವು.
ಆಸ್ಪತ್ರೆಯ ಸಿಸ್ಟರ್ ಬಾಯಿ ನೋಡಲಿಲ್ಲ,
ಕಣ್ಣಿನ ಕೆಳರೆಪ್ಪೆ ಎಳೆದಳು.
ಕೆಂಪಿರಬೇಕಾದ ಕಡೆ
ಹಾಲಿನ ಬಣ್ಣ.

ದಿನಕ್ಕೆ ಎಷ್ಟು ಹಾಲು ಕೊಡ್ತೀರಿ?
ಒಂದು ಲೀಟರಿಗೆ ಕಡಿಮೆಯಿಲ್ಲ, ಅಂತ ಹೆಮ್ಮೆಯಿಂದ ಹೇಳಿದೆ.
ಆ ಹೆಮ್ಮೆ ಈಗಲೂ ಗಂಟಲಲ್ಲಿ ಕೆನೆಯ ಹಾಗೆ ಅಂಟಿದೆ.

ಕಬ್ಬಿಣದ ಔಷಧಿ, ಕಪ್ಪು ಮಲ, ನುಗ್ಗೆಸೊಪ್ಪು, ಮೊಟ್ಟೆ.
ಬಣ್ಣ ಮರಳಲು ಒಂದು ಮಳೆಗಾಲ ಹಿಡಿಯಿತು.
ಈಗ ಶುಂಠಿ ತುಂಬಿದ ಪಿಕಪ್ ಓಡಿಸುತ್ತಾನೆ,
ಹಾಲು ಕಂಡರೆ ಮುಖ ಸಿಂಡರಿಸುತ್ತಾನೆ.

ಕೊಟ್ಟಿಗೆಯಲ್ಲಿ ಕೂತು ಎಷ್ಟೋ ಸಲ ಯೋಚಿಸಿದ್ದೇನೆ.
ಕರು ನೆಲಕ್ಕೆ ಬಿದ್ದ ಗಂಟೆಯೊಳಗೆ ಎದ್ದು ನಿಲ್ಲುತ್ತದೆ,
ನಡುಗುವ ನಾಲ್ಕು ಕಾಲಿನಲ್ಲಿ ಮೊಲೆ ಹುಡುಕುತ್ತದೆ.
ಹಾಲಿನಲ್ಲಿ ಇರುವುದು ಆ ಅವಸರ.
ನಮ್ಮ ಮಗುವಿಗೆ ಕುತ್ತಿಗೆ ನಿಲ್ಲಲೇ ಮೂರು ತಿಂಗಳು.
ಅದರ ಎಳೆ ಕರುಳಿಗೆ
ಕರುವಿನ ಓಟ ಯಾಕೆ ಕಲಿಸಬೇಕು?

ಮುನೀರಾಗೆ ಇಷ್ಟೆಲ್ಲ ಹೇಳಲಿಲ್ಲ.
ನಿನ್ನ ಹಾಲು ನಿಲ್ಲಿಸಬೇಡ, ಅಂದೆ.
ರಾಗಿ ಸರಿ, ಹಿಸುಕಿದ ನೇಂದ್ರಬಾಳೆ, ಮುಳ್ಳು ತೆಗೆದ ಮೀನು,
ಸರಿಯ ಮೇಲೆ ಒಂದು ಚಮಚ ಮೊಸರು ಬಿದ್ದರೆ ಬೀಳಲಿ.
ಕುಡಿಯುವ ಹಾಲು ಮಾತ್ರ ವರ್ಷ ತುಂಬಿದ ಮೇಲೆ.
ಅವಳು ಸಿಟ್ಟಿನಲ್ಲೇ ಹೋದಳು.
ಪ್ಯಾಕೆಟ್ ಹಾಲು ತಂದಾಳೇನೋ ಅಂತ
ನನಗೆ ರಾತ್ರಿ ನಿದ್ದೆ ಹತ್ತಲಿಲ್ಲ.

ಮಾರ್ಚಿನಲ್ಲಿ ಹೂಮಳೆ ಬಿತ್ತು.
ಒಂಬತ್ತನೇ ದಿನ ತೋಟವಿಡೀ ಬಿಳಿ,
ಯಾರೋ ಹಾಲಿಟ್ಟು ಒಲೆ ಮರೆತ ಹಾಗೆ.
ಆ ಬೆಳಗ್ಗೆ ಅವಳು ಬಂದು ಅಫ್ರಾಳನ್ನು ಕೆಳಗಿಳಿಸಿದಳು.
ಮಗು ಹಾಲಿನ ಕ್ಯಾನು ಹಿಡಿದು ಎದ್ದು ನಿಂತಿತು,
ಎರಡೇ ಕಾಲಿನಲ್ಲಿ,
ತುಂಬೆಯ ಕರುವಿಗಿಂತ ಒಂದು ವರ್ಷ ತಡವಾಗಿ.

ಕುದಿಸು, ಆರಿಸು. ನೀರು ಬೆರೆಸಬೇಡ,
ಹಾಲು ಮಾರುವವಳೇ ಹೇಳುತ್ತಿದ್ದೇನೆ.
ಬಾಟಲಿ ಬೇಡ, ಲೋಟದಲ್ಲಿ. ಮೊದಲು ಎರಡು ಗುಟುಕು.
ದದ್ದು ಎದ್ದರೆ, ವಾಂತಿಯಾದರೆ ನಿಲ್ಲಿಸಿ ಡಾಕ್ಟರ ಹತ್ತಿರ ಓಡು.
ಒಗ್ಗಿದ ಮೇಲೂ ದಿನಕ್ಕೆ ಎರಡು ಲೋಟ ದಾಟಬಾರದು,
ಹೊಟ್ಟೆಯಲ್ಲಿ ಅನ್ನಕ್ಕೂ ಕೂರಲು ಜಾಗ ಬೇಕು.

"ಹಾಗಾದರೆ ನಿಮಗೆ ಲಾಭ ಎಲ್ಲಿ?" ಅವಳು ನಕ್ಕಳು.
ನಾನು ಅಫ್ರಾಳ ಕೆಳರೆಪ್ಪೆ ಮೆಲ್ಲಗೆ ಎಳೆದು ನೋಡಿದೆ.
ಹಣ್ಣಾದ ಕಾಫಿಯ ಕೆಂಪು.
ಅವಳು ಕಿರುಚಿಕೊಂಡಳು.
ನನ್ನ ಕೈಗೆ ಸೆಗಣಿಯ ವಾಸನೆ ಇತ್ತು.